ಎದೆಯೊಳಗೆ ಗ್ಯಾಸ್ ತುಂಬಿ ಕೀಹೋಲ್ ಆಪರೇಶನ್ ಮಾಡಿದ್ರೆ ಹಾರ್ಟಿಗೆ, ಲಂಗ್ಸಿಗೆ ಏನಾಗತ್ತೆ?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಮ್ಮಪ್ಪನಿಗೆ 64 ವರ್ಷ. ಎದೆಮೂಳೆ ಹಿಂದೆ ಥೈಮಸ್ ಗ್ರಂಥೀಲಿ ಒಂದು ಗಡ್ಡೆ ಇದೆ ಅಂತ ಸಿಟಿ ಸ್ಕ್ಯಾನಲ್ಲಿ ಗೊತ್ತಾಯ್ತು. ಬಲಗಡೆ ಪಕ್ಕೆಯಿಂದ ಮೂರು ಸಣ್ಣ ತೂತು ಮಾಡಿ, ಎದೆಯೊಳಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿ ತೆಗೀತೀವಿ ಅಂದ್ರು ಸರ್ಜನ್. ಅಪ್ಪನಿಗೆ ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಅಲ್ಲೀವರೆಗೂ ಸಿಗರೇಟ್ ಸೇದ್ತಿದ್ರು. ಗ್ಯಾಸ್ ತುಂಬಿದ್ರೆ ಹಾರ್ಟ್ ಒತ್ತಿದ ಹಾಗಾಗಲ್ವಾ? ಲಂಗ್ಸ್ ಕುಗ್ಗಿಸ್ತಾರಂತೆ, ಅದು ವಾಪಸ್ ಅರಳತ್ತಾ? ಗ್ಯಾಸ್ ರಕ್ತಕ್ಕೆ ಸೇರಿದ್ರೆ ಏನು ಗತಿ? ಇದಕ್ಕಿಂತ ಓಪನ್ ಆಪರೇಶನ್ನೇ ವಾಸಿನಾ?

ಉತ್ತರ:

ಗ್ಯಾಸ್ ಹಾರ್ಟನ್ನ ಒತ್ತತ್ತಾ ಅಂದ್ರೆ, ಹೌದಮ್ಮಾ, ಒತ್ತತ್ತೆ. ಏನೂ ಆಗಲ್ಲ ಬಿಡಿ ಅಂತ ಯಾರಾದ್ರೂ ಹೇಳಿದ್ರೆ ಅವ್ರು ನಿಮ್ಮ ಗಾಬರಿ ಕಮ್ಮಿ ಮಾಡೋಕೆ ಹೇಳ್ತಿದ್ದಾರೆ ಅಷ್ಟೆ. ಆದ್ರೆ ಎಷ್ಟು ಒತ್ತತ್ತೆ, ಎಷ್ಟು ಹೊತ್ತು, ತೊಂದರೆ ಆದ್ರೆ ಎಷ್ಟು ಬೇಗ ವಾಪಸ್ ಬಿಡಿಸ್ಬಹುದು, ಇದು ಗೊತ್ತಾದ್ರೆ ಭಯ ಅರ್ಧ ಇಳಿಯತ್ತೆ. ನಾನು ಅನಸ್ತೇಶಿಯಾ ಡಾಕ್ಟರ್, ಅಂದ್ರೆ ಸರ್ಜನ್ ಸ್ಕ್ರೀನ್ ನೋಡ್ಕೊಂಡು ಗಡ್ಡೆ ಬಿಡಿಸೋವಾಗ ತಲೆ ಹತ್ರ ನಿಂತು ಬಿಪಿ, ಉಸಿರು, ಆಕ್ಸಿಜನ್ ನೋಡ್ಕೊಳ್ಳೋ ಕಡೆಯವಳು, ಹಾಗಾಗಿ ಗ್ಯಾಸ್ ವಿಷಯದಲ್ಲಿ ಸರ್ಜನ್‌ಗಿಂತ ನನಗೇ ತಲೆಬಿಸಿ ಜಾಸ್ತಿ.

ಮೊದಲು ಗ್ಯಾಸ್ ಯಾಕೆ ಬೇಕು ಅನ್ನೋದು ನೋಡೋಣ. ಎಷ್ಟೋ ಕೀಹೋಲ್ ಎದೆ ಆಪರೇಶನ್‌ಗೆ ಗ್ಯಾಸೇ ಬೇಡ. ಹೊಟ್ಟೇಲಾದ್ರೆ ಗ್ಯಾಸ್ ತುಂಬದೇ ಇದ್ರೆ ಹೊಟ್ಟೆ ಗೋಡೆ ಕರುಳಿನ ಮೇಲೆ ಬಿದ್ದಿರತ್ತೆ, ಜಾಗಾನೇ ಇರಲ್ಲ. ಎದೆ ಹಾಗಲ್ಲ, ಪಕ್ಕೆಲುಬುಗಳು ಗೂಡಿನ ಥರ ನಿಂತಿರತ್ವೆ, ಆ ಕಡೆ ಶ್ವಾಸಕೋಶಕ್ಕೆ ಗಾಳಿ ಕೊಡೋದು ನಿಲ್ಲಿಸಿ ಒಂದು ತೂತು ಮಾಡಿದ್ರೆ ಹೊರಗಿನ ಗಾಳಿ ಒಳಗೆ ಹೋಗಿ ಶ್ವಾಸಕೋಶ ತಾನೇ ಕುಗ್ಗತ್ತೆ, ಜಾಗ ತಾನೇ ಸಿಗತ್ತೆ. ಶ್ವಾಸಕೋಶದ ಒಂದು ಭಾಗ ತೆಗೆಯೋ ಆಪರೇಶನ್ ಎಷ್ಟೋ ಕಡೆ ಹೀಗೇ ನಡಿಯತ್ತೆ. ನಿಮ್ಮ ಅಪ್ಪನ ಗಡ್ಡೆ ಇರೋ ಜಾಗ ಬೇರೆ. ಮುಂದೆ ಎದೆಮೂಳೆ, ಹಿಂದೆ ಹಾರ್ಟ್ ಮತ್ತು ದೊಡ್ಡ ರಕ್ತನಾಳಗಳು, ಮಧ್ಯೆ ಕೊಬ್ಬು ತುಂಬಿದ ಒಂದು ಕಿರಿದಾದ ಸಂದಿ, ಥೈಮಸ್ ಇರೋದು ಅಲ್ಲಿ. ಗ್ಯಾಸ್ ಹಾಕಿದ್ರೆ ಆ ಸಂದಿ ಅಗಲ ಆಗತ್ತೆ, ಪದರಗಳು ಒಂದಕ್ಕೊಂದು ಬಿಟ್ಕೊಂಡು ಕಾಣ್ಸತ್ವೆ, ಶ್ವಾಸಕೋಶ, ವಪೆ (ಎದೆಗೂ ಹೊಟ್ಟೆಗೂ ಮಧ್ಯೆ ಇರೋ ಸ್ನಾಯುವಿನ ಪರದೆ) ಎರಡೂ ದಾರಿ ಬಿಟ್ಟು ಸರಿಯತ್ವೆ. ರೋಬೋಟ್ ಬಳಸೋ ಕಡೆ ಅಂತೂ ಪೋರ್ಟ್, ಅಂದ್ರೆ ತೂತಿಗೆ ಹಾಕೋ ಕೊಳವೆ, ಎಲ್ಲಾ ಗಾಳಿ ಸೋರದ ಹಾಗೆ ಮುಚ್ಚಿರತ್ತೆ, ಅಲ್ಲಿ ಗ್ಯಾಸ್ ಬಳಸೋದೇ ರೂಢಿ.

ಕಾರ್ಬನ್ ಡೈಆಕ್ಸೈಡೇ ಯಾಕೆ ಅಂತ ಬಹಳ ಜನ ಕೇಳ್ತಾರೆ, ಅದು ನಾವು ಹೊರಗೆ ಬಿಡೋ ಕೆಟ್ಟ ಗಾಳಿ ಅಲ್ವಾ ಅಂತ. ಹೊರಗೆ ಬಿಡೋ ದಾರಿ ದೇಹಕ್ಕೆ ಮೊದಲೇ ಗೊತ್ತಿದೆ ಅನ್ನೋದೇ ಕಾರಣ. ರಕ್ತದಲ್ಲಿ ಅದು ಆಕ್ಸಿಜನ್‌ಗಿಂತ ಸುಮಾರು 20 ಪಟ್ಟು ಸುಲಭವಾಗಿ ಕರಗತ್ತೆ, ಕರಗಿ ಲಂಗ್ಸಿಗೆ ಹೋಗಿ ಉಸಿರಲ್ಲಿ ಆಚೆ ಬರತ್ತೆ. ಒಂದು ಗುಳ್ಳೆ ಅಕಸ್ಮಾತ್ ರಕ್ತನಾಳದೊಳಗೆ ಹೋದ್ರೂ ಮಾಮೂಲಿ ಗಾಳಿ ಗುಳ್ಳೆಗಿಂತ ಬೇಗ ಕರಗಿ ಹೋಗತ್ತೆ. ಒಳಗೆ ಕರೆಂಟ್ ಕಾಟರಿಯಿಂದ ಸುಟ್ಟು ಕತ್ತರಿಸೋವಾಗ ಬೆಂಕಿ ಹತ್ಕೊಳ್ಳಲ್ಲ. ಹೀಲಿಯಂ ರಕ್ತದಲ್ಲಿ ಸರಿಯಾಗಿ ಕರಗಲ್ಲ, ನೈಟ್ರಸ್ ಆಕ್ಸೈಡ್ ಉರಿಯೋದಕ್ಕೆ ಸಹಾಯ ಮಾಡತ್ತೆ. ಎಲ್ಲಾ ಅಳೆದು ತೂಗಿದ್ರೆ ಉಳಿಯೋದು ಇದೇ.

ಈಗ ಹಾರ್ಟಿನ ವಿಷಯ, ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ.

ನಾವು ಸುಮ್ನೆ ಉಸಿರಾಡ್ತಾ ಇರೋವಾಗ ಶ್ವಾಸಕೋಶದ ಸುತ್ತ ಇರೋ ಜಾಗದ ಒತ್ತಡ ಸೊನ್ನೆಗಿಂತ ಸ್ವಲ್ಪ ಕೆಳಗೆ ಇರತ್ತೆ, ಹೆಚ್ಚುಕಮ್ಮಿ ಮೈನಸ್ 5 ಸೆಂಟಿಮೀಟರ್ ನೀರಿನಷ್ಟು. ಈ ಎಳೆತ ಇರೋದ್ರಿಂದಲೇ ಕೈಕಾಲು, ಹೊಟ್ಟೆಯಿಂದ ಕೆಟ್ಟ ರಕ್ತ ಆರಾಮಾಗಿ ಹಾರ್ಟಿಗೆ ವಾಪಸ್ ಬರೋದು. ಆ ರಕ್ತ ತರೋ ಎರಡು ದೊಡ್ಡ ಅಭಿಧಮನಿಗಳು ಮತ್ತೆ ಹಾರ್ಟಿನ ಬಲಗಡೆ ಮೇಲಿನ ಕೋಣೆ, ಇವುಗಳ ಗೋಡೆ ತುಂಬಾ ತೆಳು, ಒಳಗಿನ ಒತ್ತಡ ಬರೀ 2ರಿಂದ 6 ಎಂಎಂ ಮರ್ಕ್ಯುರಿ. ಎಡಗಡೆ ಕೆಳಗಿನ ಕೋಣೆ 120ರ ಒತ್ತಡದಲ್ಲಿ ರಕ್ತ ತಳ್ಳತ್ತೆ, ಅದಕ್ಕೆ ಹೊರಗಿಂದ 8 ಬಂದ್ರೂ ಲೆಕ್ಕಕ್ಕಿಲ್ಲ. ಪೆಟ್ಟು ಬೀಳೋದು ಬಲಗಡೆಗೆ. ನೀರು ಹರೀತಿರೋ ಮೆತ್ತನೆ ಪೈಪ್ ಮೇಲೆ ಕಾಲಿಟ್ಟ ಹಾಗೆ, ಪಂಪು ಚೆನ್ನಾಗೇ ಇರತ್ತೆ, ಆದ್ರೆ ಪಂಪಿಗೆ ನೀರೇ ಬರಲ್ಲ. ವಾಪಸ್ ಬರೋ ರಕ್ತ ಕಮ್ಮಿ ಆದ್ರೆ ಹಾರ್ಟ್ ಹೊರಗೆ ತಳ್ಳೋ ರಕ್ತಾನೂ ಕಮ್ಮಿ, ಬಿಪಿ ಇಳಿಯತ್ತೆ. ಜೊತೆಗೆ ಗ್ಯಾಸ್ ಒಂದೇ ಕಡೆ ಇರೋದ್ರಿಂದ ಹಾರ್ಟ್, ರಕ್ತನಾಳ ಎಲ್ಲಾ ಸೇರಿ ಇನ್ನೊಂದು ಕಡೆಗೆ ಸ್ವಲ್ಪ ಸರಿಯತ್ತೆ.

ಅದಕ್ಕೇ ಎದೇಲಿ ಇಡೋ ಒತ್ತಡ ಹೊಟ್ಟೆ ಲೆಕ್ಕದ್ದಲ್ಲ. ಲ್ಯಾಪರೋಸ್ಕೋಪಿಗೆ 12ರಿಂದ 15 ಎಂಎಂ ಇಡ್ತಾರೆ, ಎದೆಗೆ ಸಾಮಾನ್ಯವಾಗಿ 5ರಿಂದ 8, 10 ದಾಟಿಸೋದು ಅಪರೂಪ. ಪುಟ್ಟ ಮಕ್ಕಳಿಗೆ ಇನ್ನೂ ಕಮ್ಮಿ. 1990ರ ದಶಕದ ಶುರುವಲ್ಲಿ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ 5 ಎಂಎಂಗೇ ಹಾರ್ಟ್ ತಳ್ಳೋ ರಕ್ತ ಕಮ್ಮಿ ಆಗಿದ್ದು ಕಂಡಿತ್ತು, ಆಗ ಎದೆಗೆ ಗ್ಯಾಸ್ ಹಾಕೋದೇ ಬೇಡ ಅನ್ನೋವಷ್ಟು ಹೆದರಿಕೆ ಇತ್ತು. ಆಮೇಲೆ ಮನುಷ್ಯರಲ್ಲಿ ನೋಡಿದಾಗ, ನಿಧಾನಕ್ಕೆ ಏರಿಸಿದ್ರೆ 10ರವರೆಗೂ ಹೆಚ್ಚಿನವರು ತಡ್ಕೊಳ್ತಾರೆ ಅಂತ ಗೊತ್ತಾಯ್ತು. ಹೆಚ್ಚಿನವರು ಅಂದ್ರೆ ಎಲ್ಲರೂ ಅಲ್ಲ, ಈ ಮಾತು ನೆನಪಿಟ್ಕೊಳ್ಳಿ, ನಿಮ್ಮ ಅಪ್ಪನ ವಿಷಯಕ್ಕೆ ಬಂದಾಗ ಮತ್ತೆ ಹೇಳ್ತೀನಿ.

ಒತ್ತಡದ ಅಂಕಿ ಎಷ್ಟು ಮುಖ್ಯಾನೋ ಗ್ಯಾಸ್ ಹೋಗೋ ವೇಗಾನೂ ಅಷ್ಟೇ ಮುಖ್ಯ, ಇದನ್ನ ಪುಸ್ತಕಗಳು ಒಂದು ಸಾಲಲ್ಲಿ ಮುಗಿಸ್ತಾವೆ, ಆದ್ರೆ ಥಿಯೇಟರಲ್ಲಿ ನಾವು ನೋಡೋ ತೊಂದರೆ ಎಷ್ಟೋ ಸಲ ಇದರಿಂದಲೇ. ನಿಮಿಷಕ್ಕೆ ಒಂದೆರಡು ಲೀಟರ್ ಹಾಗೆ ಬಿಟ್ರೆ ದೇಹ ಹೊಂದ್ಕೊಳ್ಳತ್ತೆ, ಹೊಟ್ಟೆ ಆಪರೇಶನ್ ಸೆಟ್ಟಿಂಗಲ್ಲೇ ಮೆಷಿನ್ ಇದ್ದು ಒಂದೇ ಸಲಕ್ಕೆ ನುಗ್ಗಿಸಿದ್ರೆ ಎರಡು ಥರ ಆಗ್ಬಹುದು: ಬಿಪಿ ಧಡಕ್ಕನೆ ಬೀಳ್ಬಹುದು, ಇಲ್ಲಾ ಒಳಗಿನ ಪೊರೆ ಎಳೆದ ಹಾಗಾಗಿ ವೇಗಸ್ ನರ ಕೆರಳಿ ಹಾರ್ಟ್ ಬಡಿತ 70ರಿಂದ 40ಕ್ಕೆ ಇಳೀಬಹುದು. ಅದಕ್ಕೇ ನಮ್ಮ ಥಿಯೇಟರಲ್ಲಿ ಗ್ಯಾಸ್ ಆನ್ ಮಾಡೋ ಮುಂಚೆ ಮೆಷಿನ್ ಮೇಲಿನ ಎರಡೂ ಅಂಕಿ ನರ್ಸ್ ಜೋರಾಗಿ ಓದಿ ಹೇಳ್ಬೇಕು, ಅದು ಕೇಳಿಸೋವರೆಗೂ ನಾನು ಹೂಂ ಅನ್ನಲ್ಲ.

ಇನ್ನು ಬಿಪಿ ಬಿದ್ದಾಗ ಹೇಗಿರತ್ತೆ ಅಂತ ಹೇಳ್ತೀನಿ, ಯಾಕಂದ್ರೆ ನಿಮ್ಮ ಮನಸ್ಸಲ್ಲಿ ಓಡ್ತಿರೋ ಚಿತ್ರ ಇದಕ್ಕಿಂತ ಭಯಂಕರ ಇರತ್ತೆ. ಪೇಷಂಟ್ ಮಣಿಕಟ್ಟಿನ ಧಮನೀಲಿ ಒಂದು ಸಣ್ಣ ನಳಿಕೆ ಹಾಕಿರ್ತೀವಿ, ಬಡಿತ ಬಡಿತಕ್ಕೂ ಬಿಪಿ ಸ್ಕ್ರೀನ್ ಮೇಲೆ ಕೆಂಪು ಅಲೆ ಥರ ಓಡ್ತಿರತ್ತೆ. ಗ್ಯಾಸ್ ಶುರು ಆಯ್ತು, 2, 3, 5. ಅಲೆ ಸ್ವಲ್ಪ ಕುಳ್ಳಗಾಯ್ತು, 124 ಇದ್ದಿದ್ದು 112. ಇದು ಮಾಮೂಲು. 8ಕ್ಕೆ ಬಂತು, ಅಲೆ ಸಣ್ಣಗಾಗ್ತಾ 96, 84, ಜೊತೆಗೆ ವೆಂಟಿಲೇಟರ್‌ನ ಒತ್ತಡದ ಅಂಕಿ ಮೇಲೇರ್ತಿದೆ. ಗ್ಯಾಸ್ ಬಿಡಿ ಅಂತೀನಿ. ಸರ್ಜನ್ ಪೋರ್ಟ್ ಪಕ್ಕದ ಪುಟ್ಟ ನಲ್ಲಿ ತಿರುಗಿಸ್ತಾರೆ, ಸುಸ್ಸ್ ಅಂತ ಗ್ಯಾಸ್ ಆಚೆ ಹೋಗತ್ತೆ, ಹತ್ತಾರು ಸೆಕೆಂಡಲ್ಲಿ ಅಲೆ ಮತ್ತೆ ಎದ್ದು ನಿಲ್ಲತ್ತೆ. ಸ್ವಲ್ಪ ಡ್ರಿಪ್, ಬೇಕಿದ್ರೆ ರಕ್ತನಾಳ ಬಿಗಿ ಮಾಡೋ ಔಷಧಿ ಚೂರು, ಮತ್ತೆ 5ರಲ್ಲಿ ಶುರು. ಅಷ್ಟೇ. ಔಷಧಿ ರಿಯಾಕ್ಷನ್ ಆದ್ರೆ ಔಷಧಿ ವಾಪಸ್ ತೆಗೆಯೋಕಾಗಲ್ಲ, ಇಲ್ಲಿ ತೊಂದರೆ ಕೊಡ್ತಿರೋದನ್ನ ಒಂದು ನಲ್ಲಿ ತಿರುಗಿಸಿ ಆಚೆ ಕಳಿಸ್ಬಹುದು. ಹಾಗೆ ಬಿಟ್ಮೇಲೂ ಬಿಪಿ ಏರದೇ ಇದ್ರೆ ಆಗ ನಾವು ಬೇರೆ ಕಾರಣ ಹುಡುಕ್ತೀವಿ, ರಕ್ತಸ್ರಾವ, ಹಾರ್ಟ್ ಅಟ್ಯಾಕ್, ಇನ್ನೊಂದು ಕಡೆ ಗ್ಯಾಸ್ ಸೇರಿರೋದು, ಹೀಗೆ.

ಇದರಲ್ಲಿ ಒಂದು ಕೊಕ್ಕೆ ಇದೆ. ಮೆಷಿನ್ 6 ಅಂತ ತೋರಿಸಿದ್ರೂ ಎದೆಯೊಳಗೆ ಪ್ರತಿ ಕ್ಷಣ ಅಷ್ಟೇ ಇರತ್ತೆ ಅನ್ನೋ ಹಾಗಿಲ್ಲ. ಪೇಷಂಟ್‌ಗೆ ಮಾಂಸಖಂಡ ಸಡಿಲ ಮಾಡೋ ಔಷಧಿಯ ಪ್ರಭಾವ ಇಳಿದು ಕೆಮ್ಮಿದ್ರೆ ಏರತ್ತೆ, ಅಸಿಸ್ಟೆಂಟ್ ಎದೆ ಮೇಲೆ ಭಾರ ಹಾಕಿ ಒರಗಿದ್ರೆ ಏರತ್ತೆ, ಆರ್ಗಾನ್ ಗ್ಯಾಸ್ ಬಿಡೋ ಥರದ ಕಾಟರಿ ಬಳಸಿದ್ರೆ ಅದು ಬೇರೆ ಒಳಗೆ ಗ್ಯಾಸ್ ಸೇರಿಸತ್ತೆ. ಹಾಗಾಗಿ ಸ್ಕ್ರೀನ್ ಮೇಲಿನ ಅಂಕಿಗಿಂತ ಪೇಷಂಟ್ ಬಿಪಿನೇ ನಂಬೋದು.

ಲಂಗ್ಸ್ ವಿಷಯಕ್ಕೆ ಬರೋಣ. ಶ್ವಾಸಕೋಶ ಕುಗ್ಗಿಸೋದು ಹೊಸ ಸಾಹಸ ಅಲ್ಲ. ಕ್ಷಯಕ್ಕೆ ಔಷಧಿ ಇಲ್ಲದ ಕಾಲದಲ್ಲಿ ಇಟಲಿಯ ಕಾರ್ಲೋ ಫೋರ್ಲಾನಿನಿ ಅನ್ನೋ ಡಾಕ್ಟರ್ ಎದೆಗೆ ಗ್ಯಾಸ್ ತುಂಬಿ ಸೋಂಕು ಹತ್ತಿದ ಶ್ವಾಸಕೋಶವನ್ನ ಕುಗ್ಗಿಸಿ ರೆಸ್ಟ್ ಕೊಡೋ ಚಿಕಿತ್ಸೆ ಶುರು ಮಾಡಿದ್ರು, ಜನ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಮತ್ತೆ ಮತ್ತೆ ಗ್ಯಾಸ್ ಹಾಕಿಸ್ಕೊಂಡು ಓಡಾಡ್ಕೊಂಡಿದ್ರು. 1910ರಲ್ಲಿ ಸ್ಟಾಕ್‌ಹೋಮ್‌ನ ಯಾಕೋಬಿಯಸ್ ಅನ್ನೋವ್ರು ಮೂತ್ರಕೋಶ ನೋಡೋ ದುರ್ಬೀನನ್ನ ಎದೆಯೊಳಗೆ ಬಿಟ್ಟು ನೋಡಿದ್ರು, ಕೀಹೋಲ್ ಎದೆ ಆಪರೇಶನ್ನಿನ ಬೇರು ಅಲ್ಲಿದೆ. ಆ ಕ್ಷಯದ ಪೇಷಂಟ್‌ಗಳ ಮುಂದೆ ನಿಮ್ಮ ಅಪ್ಪನ ಶ್ವಾಸಕೋಶ ಕುಗ್ಗಿರೋದು ಕೆಲವೇ ಗಂಟೆ.

ಅದು ವಾಪಸ್ ಅರಳತ್ತಾ ಅಂದ್ರೆ, ಅರಳತ್ತೆ. ಮುಗಿಸೋ ಮುಂಚೆ ಕ್ಯಾಮೆರಾ ಒಳಗೇ ಇರೋವಾಗ ನಾನು ನಿಧಾನಕ್ಕೆ ಗಾಳಿ ಕೊಡ್ತೀನಿ, ಕಂದು ನೀಲಿ ಬಣ್ಣದಲ್ಲಿ ಮುದುಡಿ ಕೂತಿದ್ದ ಶ್ವಾಸಕೋಶ ಮೂಲೆ ಮೂಲೆಯಿಂದ ತಿಳಿ ಗುಲಾಬಿ ಆಗ್ತಾ ಉಬ್ಬೋದು ಸ್ಕ್ರೀನಲ್ಲಿ ಕಾಣತ್ತೆ, ಎಷ್ಟು ಸಲ ನೋಡಿದ್ರೂ ನನಗೆ ಬೇಜಾರಾಗಿಲ್ಲ. ಯಾವ್ದಾದ್ರೂ ಭಾಗ ಉಬ್ಬದೇ ಉಳಿದ್ರೆ ಆಗಲೇ ಗೊತ್ತಾಗತ್ತೆ. ಆಮೇಲೆ ಒಂದು ಡ್ರೈನ್ ಟ್ಯೂಬ್ ಇಡ್ತಾರೆ, ಅದರ ತುದಿ ನೀರೊಳಗೆ ಮುಳುಗಿರೋ ಬಾಟಲಿಗೆ, ಒಳಗೆ ಉಳಿದ ಗಾಳಿ, ರಕ್ತ ಆಚೆ ಬರೋಕೆ. ಬಾಟಲಿಯಲ್ಲಿ ಗುಳ್ಳೆ ಬರ್ತಿದ್ರೆ ಗಾಬರಿಯಾಗಿ ನರ್ಸನ್ನ ಕೂಗ್ತಾರೆ ಮನೆಯವ್ರು. ಮೊದಲು ಸ್ವಲ್ಪ ಗುಳ್ಳೆ ಬರೋದು ಸಹಜ, ನಿಲ್ಲದೇ ಬರ್ತಾ ಇದ್ರೆ ಮಾತ್ರ ಶ್ವಾಸಕೋಶ ಎಲ್ಲಾದ್ರೂ ಸೋರ್ತಿದ್ಯಾ ಅಂತ ನೋಡ್ತಾರೆ. ಉಳಿದ ಚೂರುಪಾರು ಕಾರ್ಬನ್ ಡೈಆಕ್ಸೈಡ್ ಬೇಗ ರಕ್ತಕ್ಕೆ ಕರಗಿ ಹೋಗತ್ತೆ.

ಆಪರೇಶನ್ ನಡೀತಿರೋವಾಗ ಒಂದೇ ಶ್ವಾಸಕೋಶದಲ್ಲಿ ಉಸಿರಾಟ ಸಾಕಾಗತ್ತಾ ಅನ್ನೋದು ಇನ್ನೊಂದು ಪ್ರಶ್ನೆ. ಗಂಟಲಿಂದ ಎರಡು ಕೊಳವೆ ಜೋಡಿಸಿದಂಥ ಟ್ಯೂಬ್ ಹಾಕ್ತೀವಿ, ಎಡಕ್ಕೊಂದು ಬಲಕ್ಕೊಂದು ದಾರಿ, ಬಲಗಡೆ ಮುಚ್ಚಿ ಎಡಗಡೆಗೆ ಮಾತ್ರ ಗಾಳಿ ಕೊಡ್ಬಹುದು. ಟ್ಯೂಬ್ ಸರಿಯಾದ ಜಾಗದಲ್ಲಿದ್ಯಾ ಅಂತ ಪುಟ್ಟ ಕ್ಯಾಮೆರಾ ಬಿಟ್ಟು ನೋಡ್ತೀವಿ, ಪಕ್ಕಕ್ಕೆ ಮಲಗಿಸಿದ್ಮೇಲೆ ಇನ್ನೊಂದು ಸಲ ನೋಡ್ತೀವಿ ಯಾಕಂದ್ರೆ ತಿರುಗಿಸೋವಾಗ ಒಂಚೂರು ಸರಿದಿರತ್ತೆ. ಕುಗ್ಗಿದ ಕಡೆ ಗಾಳಿ ಇಲ್ಲ ಆದ್ರೆ ರಕ್ತ ಹರೀತಾನೇ ಇರತ್ತಲ್ಲ, ಆ ರಕ್ತ ಆಕ್ಸಿಜನ್ ತಗೊಳ್ದೇ ವಾಪಸ್ ಬರತ್ತೆ, ಅದಕ್ಕೇ ಮೊದಲ ಅರ್ಧ ಗಂಟೇಲಿ ಸ್ಯಾಚುರೇಶನ್, ಅಂದ್ರೆ ರಕ್ತದ ಆಕ್ಸಿಜನ್ ಪರ್ಸೆಂಟ್, 100ರಿಂದ 93, 92ಕ್ಕೆ ಇಳಿಯೋದುಂಟು. ಆಮೇಲೆ ದೇಹಾನೇ ಒಂದು ಚಂದದ ಕೆಲಸ ಮಾಡತ್ತೆ, ಗಾಳಿ ಇಲ್ಲದ ಕಡೆಯ ರಕ್ತನಾಳಗಳು ಬಿಗಿಯಾಗಿ, ರಕ್ತ ಗಾಳಿ ಇರೋ ಕಡೆಗೆ ತಿರುಗತ್ತೆ. ಹಾಗಾಗಿ ಹೆಚ್ಚಿನವರಿಗೆ ಅಂಕಿ ತಾನೇ ಸುಧಾರಿಸತ್ತೆ. ಗ್ಯಾಸ್ ಒತ್ತಡ ಕುಗ್ಗಿದ ಶ್ವಾಸಕೋಶವನ್ನ ಇನ್ನಷ್ಟು ಅದುಮಿ ಅಲ್ಲಿನ ರಕ್ತ ಕಮ್ಮಿ ಮಾಡಿ ಕೆಲವೊಮ್ಮೆ ಇದಕ್ಕೆ ಸಹಾಯಾನೂ ಮಾಡತ್ತೆ. 90ರ ಮೇಲೆ ಇದ್ರೆ ನಾವು ಸಮಾಧಾನವಾಗಿರ್ತೀವಿ, ಅದಕ್ಕಿಂತ ಕೆಳಗೆ ಹೋಗ್ತಾನೇ ಇದ್ರೆ ಗ್ಯಾಸ್ ಬಿಟ್ಟು ಎರಡೂ ಕಡೆ ಗಾಳಿ ಕೊಟ್ಟು, ಸುಧಾರಿಸಿದ್ಮೇಲೆ ಮುಂದುವರಿಸೋದು.

ರಕ್ತಕ್ಕೆ ಗ್ಯಾಸ್ ಸೇರಿದ್ರೆ ಅಂತ ಕೇಳಿದ್ದೀರಿ. ಇದರಲ್ಲಿ ಎರಡು ಬೇರೆ ಬೇರೆ ವಿಷಯ ಇದೆ, ಜನ ಎರಡನ್ನೂ ಒಂದೇ ಅನ್ಕೊಳ್ತಾರೆ.

ಒಂದು, ನಿಧಾನಕ್ಕೆ ಕರಗಿ ಸೇರೋದು. ಇದು ಎಲ್ಲರಿಗೂ ಆಗತ್ತೆ. ಸುಮ್ನೆ ಮಲಗಿರೋ ದೊಡ್ಡವರ ದೇಹ ನಿಮಿಷಕ್ಕೆ ಸುಮಾರು 200 ಎಂಎಲ್ ಕಾರ್ಬನ್ ಡೈಆಕ್ಸೈಡ್ ತಯಾರು ಮಾಡತ್ತೆ, ಅದರ ಮೇಲೆ ಎದೆಯಿಂದ ಹೀರ್ಕೊಂಡಿದ್ದು ಸೇರತ್ತೆ, ಹೊರಗೆ ಹಾಕೋಕೆ ಒಂದೇ ಶ್ವಾಸಕೋಶ. ಲೆಕ್ಕ ಎಲ್ಲಿ ತಪ್ಪತ್ತೆ ಅಂತ ನಿಮಗೇ ಕಾಣತ್ತೆ. ರಕ್ತದಲ್ಲಿ ಅದರ ಒತ್ತಡ 40 ಎಂಎಂ ಸುತ್ತ ಇರಬೇಕಾದ್ದು 50, 55ಕ್ಕೆ ಏರತ್ತೆ, ರಕ್ತ ಸ್ವಲ್ಪ ಆಮ್ಲದ ಕಡೆ ವಾಲತ್ತೆ. ನಾವು ಉಸಿರಿನ ವೇಗ ಹೆಚ್ಚಿಸ್ತೀವಿ, ಆದ್ರೆ ಒಂದೇ ಶ್ವಾಸಕೋಶಕ್ಕೆ ಜಾಸ್ತಿ ಗಾಳಿ ತುರುಕಿ 40ಕ್ಕೇ ತರ್ತೀನಿ ಅಂತ ಹಠ ಮಾಡಲ್ಲ, ಆ ಹಠದಿಂದ ಒಳ್ಳೇ ಶ್ವಾಸಕೋಶಕ್ಕೇ ಗಾಯ ಆಗತ್ತೆ. ಕೆಲವು ಗಂಟೆ 50, 60ರ ಆಸುಪಾಸು ಇರೋದನ್ನ ಗಟ್ಟಿ ಹಾರ್ಟ್ ಇರೋವ್ರು ತಡ್ಕೊಳ್ತಾರೆ. ಉಸಿರಲ್ಲಿ ಆಚೆ ಬರೋ ಕಾರ್ಬನ್ ಡೈಆಕ್ಸೈಡನ್ನ ಮಾನಿಟರ್ ತೋರಿಸ್ತಾನೇ ಇರತ್ತೆ, ಆದ್ರೆ ಸಿಗರೇಟ್ ಸೇದಿದ ಲಂಗ್ಸಲ್ಲಿ ಆ ಅಂಕಿ ರಕ್ತದಲ್ಲಿರೋದಕ್ಕಿಂತ ಸಾಕಷ್ಟು ಕಮ್ಮಿ ತೋರಿಸತ್ತೆ, ಅದಕ್ಕೇ ನಿಮ್ಮ ಅಪ್ಪನಂಥವರಿಗೆ ಮಧ್ಯೆ ಮಧ್ಯೆ ಧಮನಿಯಿಂದ ರಕ್ತ ತೆಗೆದು ಟೆಸ್ಟ್ ಮಾಡ್ಲೇಬೇಕು. ತೀರಾ ಏರಿದ್ರೆ ಹಾರ್ಟ್ ಬಡಿತ ಜೋರಾಗತ್ತೆ, ತಾಳ ತಪ್ಪತ್ತೆ, ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿ ಹಾರ್ಟಿನ ಬಲಭಾಗಕ್ಕೆ ಹೊರೆ ಬೀಳತ್ತೆ. ಹುಟ್ಟಿದ ಕೂಸುಗಳಿಗೆ, ಅದರಲ್ಲೂ ವಪೆಯಲ್ಲಿ ತೂತಿದ್ದು ಶ್ವಾಸಕೋಶ ಸರಿಯಾಗಿ ಬೆಳೆಯದೇ ಇರೋವಕ್ಕೆ, ಕೀಹೋಲ್ ಮಾಡೋವಾಗ ಈ ಆಮ್ಲತೆ ಬಹಳ ಏರತ್ತೆ. ದೊಡ್ಡವರಲ್ಲಿ ಅಷ್ಟು ಇರಲ್ಲ.

ಇನ್ನೊಂದು, ಗುಳ್ಳೆಯಾಗಿ ಸೀದಾ ರಕ್ತನಾಳಕ್ಕೆ ನುಗ್ಗೋದು. ಇದು ಅಪರೂಪ, ಆದ್ರೆ ನಿಜವಾಗ್ಲೂ ಹೆದರ್ಬೇಕಾದ್ದು ಇದಕ್ಕೇ. ಥೈಮಸ್ ಬಿಡಿಸೋವಾಗ ಅದರಿಂದ ರಕ್ತ ಸಾಗಿಸೋ ಸಣ್ಣ ಅಭಿಧಮನಿಗಳು ಕುತ್ತಿಗೆ ಕೆಳಗಿನ ಒಂದು ದೊಡ್ಡ ಅಭಿಧಮನಿಗೆ ಸೇರೋ ಜಾಗ ಇದೆ, ಅಲ್ಲಿ ಹರಿದ್ರೆ, ಹೊರಗಿನ ಗ್ಯಾಸ್ ಒತ್ತಡ ಒಳಗಿನ ರಕ್ತದ ಒತ್ತಡಕ್ಕಿಂತ ಜಾಸ್ತಿ ಇದ್ರೆ, ರಕ್ತ ಹೊರಗೆ ಬರೋ ಬದಲು ಗ್ಯಾಸ್ ಒಳಗೆ ಹೋಗತ್ತೆ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಂಕಿ ಒಮ್ಮೆಲೇ ಬಿದ್ದು ಬಿಪಿನೂ ಬಿದ್ರೆ ನಾವು ಯೋಚನೆ ಮಾಡ್ತಾ ಕೂರಲ್ಲ, ಗ್ಯಾಸ್ ಬಂದ್, 100 ಪರ್ಸೆಂಟ್ ಆಕ್ಸಿಜನ್, ತಲೆಭಾಗ ಇಳಿಸೋದು, ಸರ್ಜನ್ ಹರಿದ ಜಾಗ ಅದುಮಿ ಹಿಡಿಯೋದು, ಎಲ್ಲಾ ಒಟ್ಟಿಗೆ. ಬೇಗ ಕರಗೋ ಗ್ಯಾಸ್ ಆಗಿರೋದು ಜೀವ ಉಳಿಸೋದು ಇಲ್ಲೇ.

ಇದೇ ಕಾರಣಕ್ಕೆ ಒಳ್ಳೆ ಸರ್ಜನ್‌ಗಳು ಕೊನೇಲಿ ಒಂದು ಕೆಲಸ ಮಾಡ್ತಾರೆ. ಗ್ಯಾಸ್ ಒತ್ತಡ ಸಣ್ಣ ಅಭಿಧಮನಿಗಳನ್ನ ಅದುಮಿ ರಕ್ತ ಬರದ ಹಾಗೆ ಹಿಡಿದಿರತ್ತೆ, ನೋಡೋಕೆ ಎಲ್ಲಾ ಒಣಗಿದ ಹಾಗೆ ಕ್ಲೀನಾಗಿ ಕಾಣತ್ತೆ, ಗ್ಯಾಸ್ ಬಿಟ್ಮೇಲೆ ಜಿನುಗೋಕೆ ಶುರು ಆಗತ್ತೆ. ಹಾಗಾಗಿ ಒತ್ತಡ ಇಳಿಸಿ ಒಂದೆರಡು ನಿಮಿಷ ಕಾದು ನೋಡಿ ಆಮೇಲೇ ಕ್ಯಾಮೆರಾ ತೆಗೀತಾರೆ. ಆತುರದಲ್ಲಿ ಇದನ್ನ ಬಿಟ್ರೆ ರಾತ್ರಿ ಡ್ರೈನ್ ಬಾಟಲಿ ಕೆಂಪಾಗತ್ತೆ.

ಥೈಮಸ್ ಆಪರೇಶನ್ನಿಗೇ ಸೇರಿದ್ದು ಇನ್ನೊಂದಿದೆ. ಗ್ರಂಥಿ ಎರಡೂ ಕಡೆಗೆ ಹರಡಿರತ್ತೆ, ಬಿಡಿಸ್ತಾ ಹೋದಾಗ ಎಡಗಡೆ ಶ್ವಾಸಕೋಶದ ಸುತ್ತಲಿನ ಪೊರೆ ಎಷ್ಟೋ ಸಲ ತೆರ್ಕೊಳ್ಳತ್ತೆ, ಕೆಲವು ಸಲ ಬೇಕಂತಲೇ ತೆರೀತಾರೆ. ಆಗ ಗ್ಯಾಸ್ ಎಡಕ್ಕೂ ಹೋಗಿ, ನಾವು ಗಾಳಿ ಕೊಡ್ತಿರೋ ಒಂದೇ ಒಂದು ಶ್ವಾಸಕೋಶವನ್ನೂ ಅದುಮತ್ತೆ. ವೆಂಟಿಲೇಟರ್ ಒತ್ತಡ ಏರತ್ತೆ, ಸ್ಯಾಚುರೇಶನ್ ಇಳಿಯತ್ತೆ. ಸರ್ಜನ್ ಎಡ ಪೊರೆ ಓಪನ್ ಆಯ್ತು ಅಂತ ಒಂದು ಮಾತು ಹೇಳಿದ್ರೆ ಸಾಕು, ನಾನು ರೆಡಿ ಇರ್ತೀನಿ. ಹೇಳದೇ ಸುಮ್ನಿದ್ರೆ ನಾನು ಟ್ಯೂಬ್ ಸರಿದಿದ್ಯಾ, ಕಫ ಕಟ್ಟಿದ್ಯಾ ಅಂತ ಹುಡುಕ್ತಾ ಟೈಮ್ ಕಳೀತೀನಿ. ಬಾಯಿ ಬಿಡದ ಸರ್ಜನ್ ಜೊತೆ ಕೆಲಸ ಮಾಡೋದು ನನಗೆ ಗ್ಯಾಸಿಗಿಂತ ಕಷ್ಟ, ಇದು ನನ್ನ ಸ್ವಂತ ಅಭಿಪ್ರಾಯ ಅಂತಲೇ ತಗೊಳ್ಳಿ. ಗ್ಯಾಸ್ ಚರ್ಮದ ಕೆಳಗೂ ಹರೀಬಹುದು, ಕುತ್ತಿಗೆ, ಎದೆ ಮುಟ್ಟಿದ್ರೆ ಚರಚರ ಅನ್ನತ್ತೆ, ನೋಡೋಕೆ ಊದಿರತ್ತೆ. ಅದು ಕಾರ್ಬನ್ ಡೈಆಕ್ಸೈಡೇ ಆಗಿದ್ರೆ ಬೇಗ ಇಳಿಯತ್ತೆ. ಆದ್ರೆ ಶ್ವಾಸಕೋಶ ಸೋರ್ತಾ ಇದ್ರೂ ಹೀಗೇ ಊದ್ಬಹುದು, ಹಾಗಾಗಿ ವಾರ್ಡಿಗೆ ಬಂದ್ಮೇಲೆ ಊತ ಹೆಚ್ಚಾಗ್ತಾ ಹೋದ್ರೆ ಸುಮ್ನಿರ್ಬೇಡಿ, ಹೇಳಿ.

ಈಗ ನಿಮ್ಮ ಅಪ್ಪ. ಎರಡು ವಿಷಯ ನನ್ನ ಗಮನ ಸೆಳೆಯತ್ತೆ. ಸ್ಟೆಂಟ್ ಇರೋವ್ರಿಗೆ ಬಿಪಿ ಬಿದ್ದು ಅದೇ ಹೊತ್ತಿಗೆ ಬಡಿತ ಜೋರಾದ್ರೆ ಹಾರ್ಟಿನ ಮಾಂಸಖಂಡಕ್ಕೇ ರಕ್ತ ಸಾಲಲ್ಲ, ಗ್ಯಾಸ್ ಮಾಡೋದು ಸರಿಯಾಗಿ ಇವೆರಡನ್ನೇ. ಮೂರು ವರ್ಷ ಆಗಿದೆ, ಎದೆನೋವಿಲ್ಲದೇ ಎರಡು ಮಹಡಿ ಮೆಟ್ಟಿಲು ಹತ್ತಿ ಇಳೀತಾರೆ ಅಂದ್ರೆ ನನಗೆ ಧೈರ್ಯ ಬರತ್ತೆ. ರಕ್ತ ತೆಳು ಮಾಡೋ ಮಾತ್ರೆ ಯಾವುದು ಯಾವಾಗ ನಿಲ್ಲಿಸ್ಬೇಕು ಅನ್ನೋದನ್ನ ಹಾರ್ಟ್ ಡಾಕ್ಟರ್, ಸರ್ಜನ್ ಇಬ್ರೂ ಮಾತಾಡಿ ಹೇಳ್ಲಿ, ನೀವಾಗೇ ಒಂದೂ ನಿಲ್ಲಿಸ್ಬೇಡಿ, ಆಸ್ಪಿರಿನ್ ಎಷ್ಟೋ ಸಲ ಮುಂದುವರಿಸ್ತಾರೆ. ಎರಡನೇದು ಸಿಗರೇಟು. ಊದಿಸೋ ಟೆಸ್ಟ್ ಮಾಡಿಸಿರ್ತಾರೆ. ಅದರ ಜೊತೆ ಎಕೋದಲ್ಲಿ, ಅಂದ್ರೆ ಹಾರ್ಟಿನ ಸ್ಕ್ಯಾನಲ್ಲಿ, ಹಾರ್ಟಿನ ಬಲಭಾಗ ಹೇಗಿದೆ, ಶ್ವಾಸಕೋಶದ ರಕ್ತನಾಳದ ಒತ್ತಡ ಎಷ್ಟಿದೆ ಅಂತ ಬರ್ದಿದ್ದಾರಾ ನೋಡಿ. ಎಲ್ಲರೂ ಎಡಗಡೆ ಪಂಪಿಂಗ್ ಎಷ್ಟು ಪರ್ಸೆಂಟ್ ಅಂತ ಒಂದೇ ಅಂಕಿ ನೋಡಿ ಖುಷಿಪಡ್ತಾರೆ, ಗ್ಯಾಸ್ ಆಪರೇಶನ್ನಿಗೆ ನನಗೆ ಬೇಕಾಗಿರೋದು ಬಲಗಡೆ. ಅಲ್ಲಿ ಒತ್ತಡ ತುಂಬಾ ಜಾಸ್ತಿ ಇದ್ರೆ, ಬಲಭಾಗ ಸುಸ್ತಾಗಿದ್ರೆ, ಅಥವಾ ಹಾರ್ಟಿಂದ ರಕ್ತ ಹೊರಡೋ ಕವಾಟ ತೀರಾ ಕಿರಿದಾಗಿದ್ರೆ, ಮೊದಲು ಹೇಳಿದ್ನಲ್ಲ ಹೆಚ್ಚಿನವರು ತಡ್ಕೊಳ್ತಾರೆ ಅಂತ, ಆ ಗುಂಪಿಂದ ಅವ್ರು ಆಚೆ. ಅವರಿಗೆ ಗ್ಯಾಸ್ ಇಲ್ಲದೇ, ಇಲ್ಲಾ 3, 4 ಎಂಎಂನಲ್ಲೇ ಮಾಡೋಕಾಗತ್ತಾ ಅಂತ ಯೋಚಿಸ್ತೀವಿ.

ಬಲಗಡೆಯಿಂದ ಹೋಗ್ತಾರೆ ಅಂದ್ರಿ. ಕೆಟ್ಟ ರಕ್ತ ತರೋ ತೆಳು ನಾಳಗಳೆಲ್ಲಾ ಆ ಕಡೆಗೇ ಇರೋದ್ರಿಂದ ನಾನಂತೂ ಬಲಗಡೆ ಇದ್ದಾಗ ಇನ್ನೊಂಚೂರು ಹುಷಾರಾಗಿರ್ತೀನಿ. ಹಾಗಂತ ಎಡಗಡೆ ಮಾಡಿ ಅಂತ ನೀವು ಸರ್ಜನ್‌ಗೆ ಹೇಳೋಕೆ ಹೋಗ್ಬೇಡಿ, ಗಡ್ಡೆ ಯಾವ ಕಡೆ ವಾಲಿದೆ ಅನ್ನೋದರ ಮೇಲೆ ಅದು ನಿರ್ಧಾರ ಆಗತ್ತೆ, ಬಲಗಡೆಯಿಂದ ಆ ದೊಡ್ಡ ಅಭಿಧಮನಿ ಚೆನ್ನಾಗಿ ಕಾಣತ್ತೆ ಅನ್ನೋ ಲಾಭಾನೂ ಇದೆ. ಆಪರೇಶನ್ ಹಿಂದಿನ ದಿನದಿಂದ ಉಪವಾಸ ಇರೋದ್ರಿಂದ ಮೈಯಲ್ಲಿ ನೀರು ಕಮ್ಮಿ ಆಗಿರತ್ತೆ, ನೀರು ಕಮ್ಮಿ ಇದ್ದಷ್ಟೂ ಗ್ಯಾಸಿಗೆ ಬಿಪಿ ಜಾಸ್ತಿ ಬೀಳತ್ತೆ. ಬರೀ ನೀರನ್ನ ಸಾಮಾನ್ಯವಾಗಿ ಎರಡು ಗಂಟೆ ಮುಂಚೆವರೆಗೂ ಕುಡೀಬಹುದು, ಅಪ್ಪನಿಗೆ ಎಷ್ಟೊತ್ತಿಗೆ ನಿಲ್ಲಿಸ್ಬೇಕು ಅಂತ ಅಲ್ಲಿಯ ಅನಸ್ತೇಶಿಯಾ ಡಾಕ್ಟ್ರನ್ನ ಕೇಳಿ, ರಾತ್ರಿಯಿಂದಲೇ ಒಂದು ಹನೀನೂ ಕುಡಿಸದೇ ಒಣಗಿಸಿ ಕಳಿಸೋ ಅಗತ್ಯ ಹೆಚ್ಚಿನ ಸಲ ಇರಲ್ಲ.

ಗ್ಯಾಸಿಗೆ ಸಂಬಂಧ ಇಲ್ಲದೇ ಇದ್ರೂ ಇದನ್ನ ಕೇಳ್ದೇ ಬಿಡೋಕಾಗಲ್ಲ: ಥೈಮಸ್ ಗಡ್ಡೆ ಇರೋವ್ರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರಿಗೆ ಮಯಸ್ತೇನಿಯಾ ಅನ್ನೋ ಸ್ನಾಯು ದುರ್ಬಲತೆ ಇರತ್ತೆ. ಸಂಜೆ ಹೊತ್ತಿಗೆ ರೆಪ್ಪೆ ಇಳಿಬೀಳೋದು, ಒಂದು ಎರಡಾಗಿ ಕಾಣೋದು, ಅಗಿದು ಅಗಿದು ದವಡೆ ಸೋಲೋದು ಇದ್ಯಾ? ಅದಕ್ಕೆ ರಕ್ತದಲ್ಲಿ ಆಂಟಿಬಾಡಿ ಟೆಸ್ಟ್ ಮಾಡಿದ್ದಾರಾ? ಇದ್ರೆ ನಾವು ಕೊಡೋ ಔಷಧಿ ಲೆಕ್ಕವೇ ಬೇರೆ ಆಗತ್ತೆ, ಆಪರೇಶನ್ ಆದ್ಮೇಲೆ ತಾನಾಗೇ ಉಸಿರಾಡೋದಕ್ಕೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಅದೇ ಆಗ್ಬಹುದು.

ಓಪನ್ ಆಪರೇಶನ್ ವಾಸಿನಾ ಅಂತ ಕೇಳಿದ್ರಿ. ಓಪನಲ್ಲಿ ಗ್ಯಾಸ್ ಇಲ್ಲ ನಿಜ, ಆದ್ರೆ ಎದೆಮೂಳೆ ಉದ್ದಕ್ಕೆ ಸೀಳಿ ತಂತಿ ಹಾಕಿ ಹೊಲೀತಾರೆ. ಸಿಗರೇಟ್ ಸೇದಿದ ಲಂಗ್ಸಿರೋ ಮನುಷ್ಯ ಆ ನೋವಲ್ಲಿ ಕೆಮ್ಮಲ್ಲ, ಕೆಮ್ಮದೇ ಇದ್ರೆ ಕಫ ಕಟ್ಟತ್ತೆ, ನ್ಯುಮೋನಿಯಾ ಬರತ್ತೆ. ಗ್ಯಾಸ್ ತೊಂದರೆ ಕೊಡೋದು ಥಿಯೇಟರೊಳಗೆ, ಅಲ್ಲಿ ನಲ್ಲಿ ತಿರುಗಿಸೋಕೆ ಜನ ಇರ್ತಾರೆ, ಓಪನ್ ಆಪರೇಶನ್ನಿನ ತೊಂದರೆ ಬರೋದು ಮೂರನೇ ದಿನ ವಾರ್ಡಲ್ಲಿ. ಗಡ್ಡೆ ಸಣ್ಣದಿದ್ದು, ಸುತ್ತಲಿನ ರಕ್ತನಾಳಕ್ಕೆ ಅಂಟದೇ ಇದ್ದು, ಎಕೋ ಚೆನ್ನಾಗಿದ್ರೆ ನಾನಾಗಿದ್ರೆ ಕೀಹೋಲೇ ಆರಿಸ್ತಿದ್ದೆ. ಗಡ್ಡೆ ದೊಡ್ಡದಾಗಿ ದೊಡ್ಡ ಅಭಿಧಮನಿಗೆ ಕಚ್ಕೊಂಡಿದ್ರೆ ಗ್ಯಾಸ್ ಇರ್ಲಿ ಬಿಡ್ಲಿ, ಓಪನೇ ಸರಿ.

ಅನಸ್ತೇಶಿಯಾ ಚೆಕಪ್ಪಿಗೆ ಹೋದಾಗ ಇಷ್ಟು ಕೇಳಿ: ಎದೆ ಗ್ಯಾಸ್ ಹಾಕೋ ಆಪರೇಶನ್ ಈ ತಂಡ ಮಾಮೂಲಾಗಿ ಮಾಡತ್ತಾ, ಒತ್ತಡ ಎಷ್ಟರಲ್ಲಿ ಇಡ್ತೀರಾ, ಕೈಯಲ್ಲಿ ಧಮನಿ ಲೈನ್ ಹಾಕ್ತೀರಾ, ರಾತ್ರಿ ಐಸಿಯುಲಿ ಇಡ್ತೀರಾ. ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಮಾಡ್ಕೊಂಡ್ರೆ ಅದೂ ಒಂದು ಉತ್ತರಾನೇ. ಒಪ್ಪಿಗೆ ಪತ್ರದಲ್ಲಿ ಅಗತ್ಯ ಬಿದ್ರೆ ಓಪನ್ ಮಾಡ್ತೀವಿ ಅಂತ ಒಂದು ಸಾಲು ಇರತ್ತೆ, ಅದನ್ನ ನೋಡಿ ಅಪ್ಪ ಹೆದರ್ಬಹುದು. ಆ ಸಾಲು ಇರಲೇಬೇಕು ಅಂತ ಅವರಿಗೆ ಮೊದಲೇ ಹೇಳಿಡಿ, ಯಾಕಂದ್ರೆ ಗ್ಯಾಸ್ ಬಿಟ್ಮೇಲೂ ಬಿಪಿ ನಿಲ್ಲದೇ ಇದ್ರೆ ನಾನು ಸರ್ಜನ್‌ಗೆ ಹೇಳೋದು ಅದನ್ನೇ, ಅವ್ರು ಆಗ ಹಿಂದೆಮುಂದೆ ನೋಡೋ ಹಾಗಿರ್ಬಾರ್ದು.